ಕಸದ ಡಬ್ಬಿಗೆ ಮೂಲೆ ಬೇಡ

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಕಟ್ಟಡಕ್ಕೆ ಬಣ್ಣ ಹೊಡೆಸುವ ಲಕ್ಷಾಂತರ ರೂಪಾಯಿಯ ಖರ್ಚು ಹತ್ತು ನಿಮಿಷದಲ್ಲಿ ಮಂಜೂರಾಗುತ್ತದೆ. ಕಸದ ಡಬ್ಬಿ ಎಲ್ಲಿಡಬೇಕೆಂಬ ಮಾತು ಬಂದರೆ ಮಾತ್ರ ಒಂದು ಸಂಜೆಯೂ ಸಾಲುವುದಿಲ್ಲ. ಡಬ್ಬಿ ಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ; ತಮ್ಮ ಕಿಟಕಿಯ ಕೆಳಗೆ ಬೇಡ ಎನ್ನುವುದರಲ್ಲೂ ಎಲ್ಲರದು ಒಂದೇ ಮಾತು. ಎ ಬ್ಲಾಕಿನವರು ಬಿ ಬ್ಲಾಕಿನತ್ತ ಕೈ ತೋರಿಸುತ್ತಾರೆ, ಬಿ ಬ್ಲಾಕಿನವರು ಜನರೇಟರ್ ಕೋಣೆಯತ್ತ. ಕೊನೆಗೆ ಯಾರ ಮನೆಗೂ ಹತ್ತಿರವಲ್ಲದ, ಯಾರ ಕಣ್ಣಿಗೂ ಬೀಳದ ಹಿಂಭಾಗದ ಕಾಂಪೌಂಡು ಮೂಲೆಗೆ ಎಲ್ಲರೂ ತಲೆಯಾಡಿಸಿ ಎದ್ದುಬಿಡುತ್ತಾರೆ. ಹೀಗೆ ಜಗಳ ತಪ್ಪಿಸಲು ಆರಿಸಿದ ಮೂಲೆಯೇ ಮುಂದೆ ಐದಾರು ವರ್ಷ ನೊಣ, ಹೆಗ್ಗಣ, ವಾಸನೆ, ಮೇಂಟೆನೆನ್ಸ್ ಗಲಾಟೆ ಎಲ್ಲಕ್ಕೂ ಮೂಲವಾಗುತ್ತದೆ. ಜನ ದಿನವೂ ಓಡಾಡುವ ದಾರಿಯ ಪಕ್ಕದಲ್ಲಿ, ಬೆಳಕಿರುವ, ನಾಲ್ಕು ಜನ ನೋಡುವ ಜಾಗದಲ್ಲಿ ಡಬ್ಬಿ ಇಡಬೇಕು ಎಂದರೆ ಸಭೆಯಲ್ಲಿ ಹುಬ್ಬೇರುವುದು ಖಂಡಿತ. ಆದರೆ ದೊರೆತಿರುವ ಸಾಕ್ಷ್ಯವೆಲ್ಲ ಆ ಕಡೆಗೇ ವಾಲುತ್ತದೆ.

ಮೊದಲನೆಯದು ದೂರದ ಮಾತು. ಕೆನಡಾದ ವ್ಯಾಂಕೂವರ್‌ನಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಹುಮಹಡಿ ವಸತಿ ಕಟ್ಟಡಗಳಲ್ಲಿ ಒಂದು ಸರಳ ಪ್ರಯೋಗ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿವಾಸಿಗಳಿಗೆ ಹೊಸ ಪಾಠವಿಲ್ಲ, ದಂಡವಿಲ್ಲ, ಬಹುಮಾನವೂ ಇಲ್ಲ. ಹಸಿ ಕಸದ ಡಬ್ಬಿಯ ಜಾಗವನ್ನಷ್ಟೇ ಬದಲಿಸಿದರು. ಕೆಳಗಿನ ಮಹಡಿಯಲ್ಲಿದ್ದುದನ್ನು ಪ್ರತಿ ಮಹಡಿಗೆ ತಂದಾಗ ಬೇರ್ಪಡಿಸಿ ಕೊಟ್ಟ ಹಸಿ ಕಸದ ಪ್ರಮಾಣ ಶೇ 70ರಷ್ಟು ಏರಿತು. ವಿದ್ಯಾರ್ಥಿಗಳ ವಸತಿಗೃಹದಲ್ಲಿ ಡಬ್ಬಿಗಳನ್ನು ಬಾಗಿಲಿನಿಂದ ಒಂದೂವರೆ ಮೀಟರ್ ದೂರಕ್ಕೆ ತಂದಾಗ ವಿಂಗಡಣೆ ದುಪ್ಪಟ್ಟಿಗೂ ಮೀರಿತು. ಅದೇ ಜನ, ಅದೇ ಕಸ, ಅದೇ ತಿಳಿವಳಿಕೆ; ಬದಲಾದದ್ದು ನಡೆಯಬೇಕಾದ ಹೆಜ್ಜೆಗಳು ಮಾತ್ರ. ನಮ್ಮ ಸಂಘಗಳು ವಿಂಗಡಣೆ ಆಗುತ್ತಿಲ್ಲ ಎಂದಾಕ್ಷಣ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬುದ್ಧಿಮಾತು ಹಾಕುತ್ತವೆ, ಲಿಫ್ಟಿನೊಳಗೆ ನೋಟಿಸು ಅಂಟಿಸುತ್ತವೆ. ಅದಕ್ಕೂ ಮೊದಲು ಟೇಪು ಹಿಡಿದು ದೂರ ಅಳೆಯಬೇಕಿತ್ತು. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿ ಇದಕ್ಕೊಂದು ಅಳತೆಯನ್ನೇ ಕೊಟ್ಟಿದೆ: ಮಹಡಿಯಿಂದ ಇಳಿಯುವ ಎತ್ತರ ಬಿಟ್ಟು, ನೆಲದ ಮೇಲೆ ನಿವಾಸಿಯೊಬ್ಬ ಕಸ ಹೊತ್ತು ನಡೆಯುವ ದೂರ ಸಾಮಾನ್ಯವಾಗಿ 30 ಮೀಟರ್ ದಾಟಬಾರದು. ನೂರು ಅಡಿಗೆ ಸ್ವಲ್ಪ ಕಡಿಮೆ. ಆ ಅಳತೆ ನಮ್ಮ ನೆಲದ ಕಾನೂನಲ್ಲ, ಆದರೆ ಕೈಯಲ್ಲಿ ಸೋರುವ ಚೀಲ ಹಿಡಿದು ಬೆಳಗ್ಗೆ ಆಫೀಸಿಗೆ ಹೊರಟವರ ಸಹನೆ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಅಷ್ಟೇ.

ದೂರಕ್ಕಿಂತಲೂ ಮುಖ್ಯವಾದದ್ದು ದಿಕ್ಕು. ಲಿಫ್ಟಿನಿಂದ ಇಳಿದವರು ಗೇಟಿನತ್ತಲೋ ಪಾರ್ಕಿಂಗಿನತ್ತಲೋ ಹೋಗುತ್ತಾರೆ. ಆ ದಾರಿಯ ಪಕ್ಕದಲ್ಲೇ ಡಬ್ಬಿಯಿದ್ದರೆ ಐವತ್ತು ಅಡಿಯೂ ಹೊರೆಯೆನಿಸದು. ವಿರುದ್ಧ ದಿಕ್ಕಿನಲ್ಲಿ ಹದಿನೈದು ಅಡಿ ಹೋಗಿ ವಾಪಸು ಬರಬೇಕೆಂದರೆ ಚೀಲ ಮೆಟ್ಟಿಲ ಬುಡದಲ್ಲೇ ಉಳಿಯುತ್ತದೆ, ಇಲ್ಲವೇ ಸ್ಕೂಟರಿನ ಹ್ಯಾಂಡಲಿಗೆ ನೇತುಬಿದ್ದು ಹೊರಗೆ ಹೋಗಿ ಯಾವುದೋ ಖಾಲಿ ಸೈಟಿನಲ್ಲಿ ಬೀಳುತ್ತದೆ. ಬೆಂಗಳೂರಿನ ಬ್ಲಾಕ್‌ಸ್ಪಾಟ್‌ಗಳಿಗೆ, ಅಂದರೆ ಜನ ಕಸ ಸುರಿದು ಹೋಗುವ ಜಾಗಗಳಿಗೆ ಬರುವ ಕಸದಲ್ಲಿ ಹೀಗೆ ಗಾಡಿಯೇರಿ ಬಂದದ್ದೂ ಇರುತ್ತದೆ. ಇನ್ನೊಂದು ವಿಷಯವನ್ನು ಸಭೆಗಳು ಮರೆಯುತ್ತವೆ: ಎಷ್ಟೋ ಫ್ಲಾಟುಗಳಲ್ಲಿ ಕಸ ಕೆಳಗಿಳಿಸುವವರು ಮಾಲೀಕರಲ್ಲ, ಮನೆಗೆಲಸದವರು. ಅವರು ಬರುವ ಹೊತ್ತು ಬೇರೆ. ಕೆಲವು ಕಡೆ ಬಳಸುವ ಮೆಟ್ಟಿಲು, ಲಿಫ್ಟು, ಗೇಟು ಕೂಡ ಬೇರೆ. ಅವರ ದಾರಿಯನ್ನು ನಕ್ಷೆಯಲ್ಲಿ ಗುರುತಿಸದೆ ಜಾಗ ಆರಿಸಿದರೆ, ಡಬ್ಬಿಯನ್ನು ನಿಜವಾಗಿ ಬಳಸುವವರನ್ನು ಕೇಳದೆಯೇ ತೀರ್ಮಾನ ಮಾಡಿದಂತಾಗುತ್ತದೆ.

ಹತ್ತಿರವಿದ್ದಷ್ಟೂ ಒಳ್ಳೆಯದಾದರೆ ವ್ಯಾಂಕೂವರ್‌ನವರಂತೆ ಪ್ರತಿ ಮಹಡಿಯಲ್ಲೂ ಇಟ್ಟುಬಿಡೋಣ ಎನ್ನುವ ವಾದ ಇಲ್ಲಿ ಏಳುತ್ತದೆ. ಅದು ಸಹಜವಾದ ಪ್ರಶ್ನೆ, ಉತ್ತರ ನಮ್ಮ ಹವೆಯಲ್ಲಿದೆ. ಚಳಿ ಪ್ರದೇಶದಲ್ಲಿ ಒಂದೆರಡು ದಿನ ತಡೆಯುವ ಹಸಿ ಕಸ ನಮ್ಮ ಏಪ್ರಿಲ್ ತಿಂಗಳಲ್ಲಿ ಸಂಜೆಯೊಳಗೆ ನಾರತೊಡಗುತ್ತದೆ. ಆರು ಮಹಡಿಯ ನಾಲ್ಕು ಬ್ಲಾಕುಗಳಿದ್ದರೆ ಇಪ್ಪತ್ತನಾಲ್ಕು ಕಡೆ ಮೂರು ಮೂರು ಡಬ್ಬಿ. ಅಷ್ಟನ್ನೂ ದಿನವೂ ಇಳಿಸಿ, ತೊಳೆದು, ಒಣಗಿಸಿ ಮತ್ತೆ ಏರಿಸಲು ಎಷ್ಟು ಮಂದಿ ಹೌಸ್‌ಕೀಪಿಂಗ್ ಸಿಬ್ಬಂದಿ ಬೇಕು? ಎರಡನೆಯ ತೊಡಕು ಬೆಂಕಿಯದು. ಮಹಡಿಯಲ್ಲಿ ಡಬ್ಬಿಗೆ ಸಿಗುವ ಜಾಗ ಮೆಟ್ಟಿಲ ತಿರುವು ಅಥವಾ ಕಾರಿಡಾರ್. ಬೆಂಕಿ ಬಿದ್ದಾಗ ಜನ ಓಡಬೇಕಾದ ದಾರಿಯೂ ಅದೇ. ಅಲ್ಲಿ ಯಾವ ಅಡೆತಡೆಯೂ ಇರಕೂಡದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ರಟ್ಟು, ಪ್ಲಾಸ್ಟಿಕ್ ತುಂಬಿದ ಡಬ್ಬಿ ಬರೀ ಅಡ್ಡಿಯಲ್ಲ, ಉರಿಯುವ ಸರಕು. ಆದ್ದರಿಂದ ನಮ್ಮ ಮಧ್ಯಮ ಎತ್ತರದ ಕಟ್ಟಡಗಳ ಮಟ್ಟಿಗೆ ಪ್ರತಿ ಬ್ಲಾಕಿಗೊಂದು, ನೆಲಮಹಡಿಯಲ್ಲಿ, ಲಿಫ್ಟು ಮತ್ತು ಮೆಟ್ಟಿಲಿನಿಂದ ಹೊರಬೀಳುವ ದಾರಿಯಲ್ಲಿ ಎನ್ನುವುದೇ ತೂಗಿ ನೋಡಿದ ಉತ್ತರ. ಇಪ್ಪತ್ತು ಮೂವತ್ತು ಮಹಡಿಯ ಗೋಪುರಗಳಲ್ಲಿ ಕೆಲವರು ಕಸ ಜಾರಿಸುವ ಕೊಳವೆಯನ್ನು, ಅಂದರೆ ಗಾರ್ಬೇಜ್ ಚೂಟ್ ಅನ್ನು ಹೊಗಳುತ್ತಾರೆ. ಒಂದೇ ಕೊಳವೆಯಿದ್ದರೆ ಮೇಲೆ ಬೇರ್ಪಡಿಸಿದ್ದೆಲ್ಲ ಕೆಳಗೆ ಒಂದಾಗುತ್ತದೆ. ಸಿಂಗಪುರದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ದಶಕಗಳ ಕಾಲ ಒಂದೇ ಕೊಳವೆಯಿತ್ತು; ಮರುಬಳಕೆಯ ವಸ್ತುಗಳಿಗೆಂದು ಎರಡನೆಯದನ್ನು ಹೊಸ ಕಟ್ಟಡಗಳಲ್ಲಿ ಜೋಡಿಸಬೇಕಾಯಿತು. ಬಿಲ್ಡರ್ ಆಗಲೇ ಒಂಟಿ ಕೊಳವೆ ಕಟ್ಟಿ ಹೋಗಿದ್ದರೆ ಅದನ್ನು ಮುಚ್ಚಿ ಬೀಗ ಹಾಕುವುದೇ ವಾಸಿ.

ಇನ್ನು ವಾಸನೆ. ಮೂಲೆಯ ಪರವಾಗಿರುವ ಅತಿ ದೊಡ್ಡ ವಾದ ಇದು, ಹಾಗಾಗಿ ಇದನ್ನು ಸಾವಧಾನವಾಗಿ ನೋಡಬೇಕು. ಹಸಿ ಕಸ ನಾರುವುದು ಎಲ್ಲಿಟ್ಟಿದ್ದೇವೆ ಎಂಬುದಕ್ಕಿಂತ ಎಷ್ಟು ಹೊತ್ತು ಇಟ್ಟಿದ್ದೇವೆ ಎಂಬುದರಿಂದ. ನೀರು ಬಸಿಯದ ಅನ್ನ, ಸಾರಿನ ಚರಟ, ಹಣ್ಣಿನ ಸಿಪ್ಪೆ ಪ್ಲಾಸ್ಟಿಕ್ ಚೀಲದೊಳಗೆ ಗಂಟುಬಿದ್ದಾಗ ಗಾಳಿಯಾಡದೆ ಕೊಳೆಯುತ್ತವೆ, ದುರ್ನಾತ ಹುಟ್ಟುವುದು ಅಲ್ಲಿ. ಅದನ್ನು ದಿನವೂ ಸಾಗಿಸಿ, ಡಬ್ಬಿಯ ತಳ ತೊಳೆದರೆ ಹತ್ತಡಿ ದೂರದಲ್ಲೂ ವಾಸನೆ ಹಿಡಿಯುವುದು ಕಷ್ಟ. ಎರಡು ದಿನ ಬಿಟ್ಟರೆ ಐವತ್ತು ಗಜ ದೂರವೂ ಸಾಲದು. ನೊಣದ ಲೆಕ್ಕವೂ ಹೀಗೇ: ಬಿಸಿ ದಿನಗಳಲ್ಲಿ ಮನೆನೊಣದ ಮೊಟ್ಟೆ ಒಂದು ದಿನದೊಳಗೆ ಹುಳುವಾಗುತ್ತದೆ, ವಾರ ಹತ್ತು ದಿನಗಳಲ್ಲಿ ರೆಕ್ಕೆ ಮೂಡುತ್ತದೆ. ದಿನಕ್ಕೊಮ್ಮೆ ಖಾಲಿಯಾಗಿ ತೊಳೆಸಿಕೊಂಡ ಡಬ್ಬಿಯಲ್ಲಿ ಆ ಚಕ್ರ ಪೂರ್ತಿಯಾಗುವುದೇ ಇಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಯಾವ ಜಾಗದಲ್ಲಿಟ್ಟರೆ ಡಬ್ಬಿ ದಿನವೂ ಖಾಲಿಯಾಗುತ್ತದೆ, ದಿನವೂ ತೊಳೆಯಲ್ಪಡುತ್ತದೆ ಎಂಬುದು. ಕಾರ್ಯದರ್ಶಿ, ಸೆಕ್ಯೂರಿಟಿ, ಶಾಲೆಗೆ ಮಕ್ಕಳನ್ನು ಬಿಡುವ ತಂದೆತಾಯಿ ಎಲ್ಲರೂ ಹಾದುಹೋಗುವ ಜಾಗದಲ್ಲಿದ್ದರೆ ಒಂದು ದಿನ ತೊಳೆಯದಿದ್ದರೂ ಹತ್ತು ದೂರು ಬರುತ್ತವೆ. ಹಿಂದಿನ ಮೂಲೆಯಲ್ಲಿದ್ದರೆ ಹುಳು ಹರಿದು ಗೋಡೆ ಹತ್ತುವ ತನಕ ಯಾರಿಗೂ ತಿಳಿಯದು. ಗಾಳಿ ಹೊತ್ತೊಯ್ಯುತ್ತದೆ ಎಂಬ ನಂಬಿಕೆಗೂ ಅರ್ಧ ವರ್ಷದ ಆಯುಸ್ಸು: ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಪಶ್ಚಿಮದಿಂದ, ಚಳಿಗಾಲದ್ದು ಪೂರ್ವದಿಂದ. ಜುಲೈಯಲ್ಲಿ ರಸ್ತೆಯತ್ತ ಹೋದ ವಾಸನೆ ಡಿಸೆಂಬರಿನಲ್ಲಿ ನಿಮ್ಮ ಬಾಲ್ಕನಿಗೇ ಬರುತ್ತದೆ.

ಸುತ್ತಲಿನ ಸ್ಥಿತಿ ಮನುಷ್ಯನ ನಡತೆಯನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ನೆದರ್‌ಲೆಂಡ್ಸ್‌ನ ಗ್ರೋನಿಂಗನ್ ನಗರದಲ್ಲಿ ನಡೆದು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಓಣಿಯೊಂದರಲ್ಲಿ ನಿಲ್ಲಿಸಿದ ಸೈಕಲ್ಲುಗಳ ಹ್ಯಾಂಡಲಿಗೆ ಕರಪತ್ರ ಸಿಕ್ಕಿಸಿದ್ದರು. ಹತ್ತಿರದಲ್ಲೆಲ್ಲೂ ಕಸದ ಡಬ್ಬಿ ಇರಲಿಲ್ಲ. ಗೋಡೆ ಶುಭ್ರವಾಗಿದ್ದಾಗ ಶೇ 33ರಷ್ಟು ಜನ ಕರಪತ್ರವನ್ನು ನೆಲಕ್ಕೆ ಬಿಸಾಡಿದರು. ಅದೇ ಗೋಡೆಯ ಮೇಲೆ ಗೀಚಿದ ದಿನ ಬಿಸಾಡಿದವರು ಶೇ 69. ಬರೀ ಗೋಡೆಯ ಗೀಚಿಗೇ ಇಷ್ಟು ವ್ಯತ್ಯಾಸವಾದರೆ, ಆಗಲೇ ನಾಲ್ಕು ಚೀಲ ಹೊರಗೆ ಬಿದ್ದಿರುವ, ದೀಪವಿಲ್ಲದ, ಕಾಲಿಡಲು ಹೇಸಿಗೆಯಾಗುವ ಮೂಲೆಯಲ್ಲಿ ಐದನೆಯವರು ಮುಂದೆ ಹೋಗಿ ಮುಚ್ಚಳ ತೆಗೆದು, ಹಸಿ ಯಾವುದು ಒಣ ಯಾವುದು ಎಂದು ನೋಡಿ ಹಾಕುತ್ತಾರೆಂದು ನಿರೀಕ್ಷಿಸುವುದು ಭೋಳೆತನ. ದೂರದಿಂದಲೇ ಎಸೆಯುತ್ತಾರೆ. ಸಿಸಿ ಕ್ಯಾಮೆರಾ ಹಾಕಿಸೋಣ ಎನ್ನುವವರಿಗೆ ಒಂದು ಮಾತು: ಕ್ಯಾಮೆರಾ ಎಸೆದವರ ಹೆಸರು ಹೇಳುತ್ತದೆ, ಆಮೇಲೆ ಅವರೊಡನೆ ಜಗಳವಾಡುವ ಕೆಲಸ ಸಂಘದ ಪಾಲಿಗೆ ಉಳಿಯುತ್ತದೆ. ಅದೇ ದುಡ್ಡಿನಲ್ಲಿ ಒಂದು ಒಳ್ಳೆಯ ಎಲ್‌ಇಡಿ ದೀಪ, ಒಂದು ನಲ್ಲಿ, ನೆಲಕ್ಕೆ ಟೈಲ್ಸು ಹಾಕಿಸಿದರೆ ಎಸೆಯುವವರೇ ಕಡಿಮೆಯಾಗುತ್ತಾರೆ.

ಆದರೂ ಮುಂಬಾಗಿಲ ಬಳಿ ಡಬ್ಬಿಗಳ ಸಾಲು ನಿಲ್ಲಿಸಲು ಯಾರು ಒಪ್ಪುತ್ತಾರೆ ಎಂದು ಕೇಳಿದರೆ, ಸಾಲು ನಿಲ್ಲಿಸಬೇಕಾಗಿಯೇ ಇಲ್ಲ. ಬಹುತೇಕ ಜಗಳ ಹುಟ್ಟುವುದು ಎರಡು ಬೇರೆ ಜಾಗಗಳನ್ನು ಒಂದೆಂದು ತಿಳಿದದ್ದರಿಂದ. ನಿವಾಸಿಗಳು ಕಸ ಹಾಕುವ ಜಾಗ ಒಂದು. ಪಾಲಿಕೆಯ ಗಾಡಿ ಬರುವವರೆಗೆ ಅದನ್ನು ಕೂಡಿಡುವ ಜಾಗ ಇನ್ನೊಂದು. ಅರವತ್ತು ಫ್ಲಾಟುಗಳ ಒಂದು ಸಮುಚ್ಚಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ಮನೆಯಿಂದ ದಿನಕ್ಕೆ ಹಸಿ ಕಸ 700 ಗ್ರಾಂ, ಒಣ ಕಸ 300 ಗ್ರಾಂ ಎಂದು ಅಂದಾಜಿಸಿದರೆ ಹಸಿ ಕಸ 42 ಕಿಲೋ ಆಗುತ್ತದೆ. ಹಸಿ ಕಸ ಲೀಟರಿಗೆ ಸುಮಾರು ಅರ್ಧ ಕಿಲೋದ ಹತ್ತಿರ ತೂಗುವುದರಿಂದ ಅಷ್ಟಕ್ಕೆ ನೂರು ಲೀಟರ್ ಜಾಗ ಸಾಕು. ಒಣ ಕಸ 18 ಕಿಲೋ ಮಾತ್ರ, ಆದರೆ ಬಾಟಲಿ, ರಟ್ಟು, ಹಾಲಿನ ಕವರುಗಳು ಉಬ್ಬಿಕೊಂಡು ಮುನ್ನೂರು ಲೀಟರ್ ಹಿಡಿಯುತ್ತವೆ. ಹಸಿ ಕಸದ ಗಾಡಿ ದಿನವೂ ಬಂದು, ಒಣ ಕಸ ವಾರಕ್ಕೆರಡೇ ಸಲ ಹೋಗುವ ಬಡಾವಣೆಯಲ್ಲಿ ನಾಲ್ಕು ದಿನದ ಒಣ ಕಸಕ್ಕೆ 1,200 ಲೀಟರ್, ಅಂದರೆ 240 ಲೀಟರಿನ ಐದು ಡಬ್ಬಿ ಬೇಕು. ಜಾಗ ನುಂಗುವುದು ನಾರದ ಕಸ! ನಾರುವ ಕಸಕ್ಕೆ ಜಾಗ ಬೇಕಾದದ್ದು ತೀರ ಕಡಿಮೆ. ಇದನ್ನು ಸಭೆಯ ಮುಂದಿಟ್ಟರೆ ಅರ್ಧ ವಿರೋಧ ಇಳಿಯುತ್ತದೆ. ಓಡಾಟದ ದಾರಿಯಲ್ಲಿ ಹಸಿ, ಒಣ, ನೈರ್ಮಲ್ಯ ತ್ಯಾಜ್ಯ ಎಂದು ಮೂರು ನಾಲ್ಕು ಡಬ್ಬಿ, ಎಂಟಡಿ ಉದ್ದ ಮೂರಡಿ ಅಗಲದ ಕಟ್ಟೆಯ ಮೇಲೆ, ಎದೆಯೆತ್ತರದ ಗೋಡೆಯ ಮರೆಯಲ್ಲಿ ಇದ್ದರೆ ಸಾಕು. ಸಿಬ್ಬಂದಿ ದಿನವೂ ಒಣ ಕಸವನ್ನು ಅಲ್ಲಿಂದೆತ್ತಿ ಹಿಂಭಾಗದ ಮಳೆ ತಾಗದ ಕೋಣೆಗೆ ಸಾಗಿಸಲಿ. ಅದು ನಾರುವುದಿಲ್ಲವಾದ್ದರಿಂದ ಮೂಲೆಯಲ್ಲಿದ್ದರೂ ನಡೆಯುತ್ತದೆ. ಒಂದು ಕಾರು ನಿಲ್ಲುವಷ್ಟು ಜಾಗವಾದರೆ ಸಾಕಾಗುತ್ತದೆ.

ಹಾಕುವ ಜಾಗದಲ್ಲಿ ಮೂರೂ ಬಗೆಯ ಡಬ್ಬಿಗಳು ಅಕ್ಕಪಕ್ಕದಲ್ಲೇ ಇರಬೇಕು, ಇದರಲ್ಲಿ ರಿಯಾಯಿತಿ ಕೂಡದು. ಒಣ ಕಸದ ಡಬ್ಬಿ ಒಂದೇ ಎಲ್ಲೋ ನಿಂತಿದ್ದರೆ ಅದಕ್ಕೆ ಹಸಿಯೂ ಬೀಳುತ್ತದೆ. ಹಸಿಯದು ಗೇಟಿನ ಬಳಿ, ಒಣದ್ದು ಪಾರ್ಕಿಂಗಿನಲ್ಲಿ ಎಂದು ಬೇರೆ ಮಾಡಿದರೆ ಕೈಯಲ್ಲಿರುವುದೆಲ್ಲ ಮೊದಲು ಸಿಕ್ಕ ಡಬ್ಬಿಗೆ ಹೋಗುತ್ತದೆ. ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಬೆಂಗಳೂರಿನ ಮನೆಗಳಿಗೆ ಎರಡು ಡಬ್ಬಿ ಒಂದು ಚೀಲದ ಪದ್ಧತಿಯನ್ನು ವಿಧಿಸಿತು: ಹಸಿ ಕಸಕ್ಕೆ ಹಸಿರು, ನ್ಯಾಪ್‌ಕಿನ್ ಡೈಪರ್ ಮುಂತಾದವಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಮರುವರ್ಷ ಏಪ್ರಿಲ್‌ನಲ್ಲಿ ಹೊರಟ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಮೂಲದಲ್ಲೇ ವಿಂಗಡಣೆಯನ್ನು ಕಡ್ಡಾಯ ಮಾಡಿದವು, ದಿನಕ್ಕೆ 100 ಕಿಲೋ ಮೀರಿ ಕಸ ಹುಟ್ಟಿಸುವವರನ್ನು ದೊಡ್ಡ ಉತ್ಪಾದಕರೆಂದು ಬೇರೆಯೇ ಎಣಿಸಿದವು. ಮನೆಯೊಳಗಿನ ಬಣ್ಣ ಕೆಳಗಿನ ಡಬ್ಬಿಗೂ ಅದೇ ಇರಲಿ. ಅಡುಗೆಮನೆಯಲ್ಲಿ ಹಸಿರು, ಕೆಳಗೆ ಬಂದರೆ ಅಂಗಡಿಯವನು ಕೊಟ್ಟ ನೀಲಿ ಡ್ರಮ್ಮು ಎಂದರೆ ತಬ್ಬಿಬ್ಬು ಖಚಿತ. ಒಣ ಕಸದ ಮುಚ್ಚಳದಲ್ಲಿ ಬಾಟಲಿ, ಕವರು ಹಿಡಿಸುವಷ್ಟು ಸೀಳು ಬಿಟ್ಟು, ಗಂಟುಕಟ್ಟಿದ ದೊಡ್ಡ ಚೀಲ ನುಗ್ಗದಂತೆ ಮಾಡುವುದು ಬೋರ್ಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಡಬ್ಬಿ ಎಲ್ಲಿ ಇರಲೇಬಾರದು ಎಂಬುದನ್ನು ಹೇಳುವುದು ಸುಲಭ, ಆದರೆ ನಮ್ಮ ಕಟ್ಟಡಗಳಲ್ಲಿ ತಪ್ಪುವುದೂ ಅಲ್ಲೇ. ಕಾವೇರಿ ನೀರಿನ ಸಂಪು ಹಲವು ಕಡೆ ಡ್ರೈವ್‌ವೇ ಕೆಳಗಿರುತ್ತದೆ, ಅದರ ಕಬ್ಬಿಣದ ಮುಚ್ಚಳ ನೆಲಕ್ಕೆ ಸಮನಾಗಿ. ಡಬ್ಬಿ ತೊಳೆದ ನೀರು ಆ ಮುಚ್ಚಳದ ಸಂದಿಯತ್ತ ಹರಿಯುವ ಇಳಿಜಾರು ಇದೆಯೇ ಎಂದು ಒಂದು ಬಕೆಟ್ ನೀರು ಸುರಿದು ನೋಡಬೇಕು, ಕಣ್ಣಂದಾಜು ಸಾಲದು. ಮಳೆನೀರು ಇಂಗುಗುಂಡಿ, ಕೊಳವೆಬಾವಿಯ ಸುತ್ತಲಿನ ಜಾಗಕ್ಕೂ ಇದೇ ಎಚ್ಚರಿಕೆ. ಕಸದಿಂದ ಬಸಿಯುವ ರಾಡಿ ನೆಲಕ್ಕಿಳಿದರೆ ಅದನ್ನು ವಾಪಸು ತೆಗೆಯಲಾಗದು. ಕಟ್ಟೆಯ ಬಸಿನೀರು ಒಳಚರಂಡಿಗೆ ಹೋಗಬೇಕೇ ಹೊರತು ಮಳೆನೀರಿನ ಚರಂಡಿಗಲ್ಲ. ಎರಡೂ ಪಕ್ಕಪಕ್ಕದಲ್ಲಿರುವುದರಿಂದ ಪ್ಲಂಬರ್ ಹತ್ತಿರದ್ದಕ್ಕೆ ಜೋಡಿಸಿ ಹೋಗುವುದುಂಟು. ಟ್ರಾನ್ಸ್‌ಫಾರ್ಮರ್, ವಿದ್ಯುತ್ ಫಲಕ, ಅಡುಗೆ ಅನಿಲದ ಸಿಲಿಂಡರುಗಳ ಸಾಲು ಇವುಗಳ ಪಕ್ಕದಲ್ಲಿ ಒಣ ಕಸ ಕೂಡಿಡುವುದು ಬೆಂಕಿಗೆ ಆಹ್ವಾನ. ಹಿಂದಿನ ಮೂಲೆ ಎಂದರೆ ಬಹಳ ಕಡೆ ಇವೇ ಇರುವ ಜಾಗ ಎಂಬುದನ್ನೂ ನೆನಪಿಡಿ. ಮಲಗುವ ಕೋಣೆಯ, ಅಡುಗೆಮನೆಯ ಕಿಟಕಿಯ ನೇರ ಕೆಳಗೆ ಬೇಡ.

ಬೇಸ್‌ಮೆಂಟ್‌ಗೆ ತಳ್ಳುವ ಯೋಚನೆಯನ್ನಂತೂ ಬಿಡುವುದೇ ಒಳ್ಳೆಯದು. ಗಾಳಿಯಾಡುವುದಿಲ್ಲ, ಜೋರು ಮಳೆಗೆ ನೀರು ನಿಂತರೆ ಕಸ ತೇಲುತ್ತದೆ, ಹೆಗ್ಗಣಗಳು ಮೊದಲು ಕಸ ತಿಂದು ಆಮೇಲೆ ಕಾರಿನ ವೈರು ಕಡಿಯುತ್ತವೆ. ಇದಕ್ಕಿಂತ ದೊಡ್ಡ ಕಷ್ಟ ಡಬ್ಬಿಯನ್ನು ಮೇಲೆ ತರುವವರದು. ಇಂಗ್ಲೆಂಡಿನ ಅದೇ ಮಾರ್ಗದರ್ಶಿ ಗಾಲಿ ಡಬ್ಬಿ ಸಾಗುವ ದಾರಿಯ ಏರು ಹನ್ನೆರಡಕ್ಕೆ ಒಂದರಷ್ಟನ್ನು ಮೀರಬಾರದೆಂದೂ, ಗಾಡಿ ನಿಲ್ಲುವ ಜಾಗಕ್ಕೂ ಡಬ್ಬಿಗೂ 25 ಮೀಟರಿಗಿಂತ ಹೆಚ್ಚು ಅಂತರ ಬೇಡವೆಂದೂ ಹೇಳುತ್ತದೆ. ನಮ್ಮ ಬೇಸ್‌ಮೆಂಟ್ ರ‍್ಯಾಂಪ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಕಡಿದು. 240 ಲೀಟರಿನ ಡಬ್ಬಿಯಲ್ಲಿ ಹಸಿ ಕಸ ತುಂಬಿದರೆ ನೂರು ಕಿಲೋ ಮುಟ್ಟುತ್ತದೆ. ಅದನ್ನು ಏರಿನಲ್ಲಿ ಒಬ್ಬರೇ ತಳ್ಳುವುದೆಂದರೆ ಸೊಂಟ ಹೋಗುವ ಕೆಲಸ. ಆಟೊ ಟಿಪ್ಪರ್ ಗೇಟಿನಾಚೆ ನಿಂತು ಹಾರ್ನ್ ಹೊಡೆಯುತ್ತಿರುವಾಗ ಅವಸರದಲ್ಲಿ ಡಬ್ಬಿ ಉರುಳುವುದೂ ಅಪರೂಪವಲ್ಲ. ಹಸಿ ಕಸಕ್ಕೆ 120 ಲೀಟರಿನ ಎರಡು ಡಬ್ಬಿ, ತಲಾ ಅರ್ಧದಷ್ಟು ತುಂಬುವಂತೆ, ಇಟ್ಟರೆ ತೂಕ ಇಪ್ಪತ್ತೈದು ಕಿಲೋ ಆಸುಪಾಸಿಗೆ ಇಳಿಯುತ್ತದೆ. ಗಾಡಿ ಒಂದು ದಿನ ಬಾರದಿದ್ದರೂ ಹೊರಗೆ ಚೆಲ್ಲುವುದಿಲ್ಲ. ಕೈ ತೊಳೆಯಲು ನಲ್ಲಿ, ಸೋಪು, ಡಬ್ಬಿ ಬೋರಲು ಹಾಕಿ ಒಣಗಿಸಲು ಬಿಸಿಲು ಬೀಳುವ ನಾಲ್ಕಡಿ ಜಾಗ ಇವನ್ನು ಜಾಗದ ಆಯ್ಕೆಯ ಭಾಗವಾಗಿಯೇ ನೋಡಬೇಕು, ಆಮೇಲೆ ಮಾಡಿದರಾಯಿತು ಎಂದರೆ ಆಗುವುದಿಲ್ಲ.

ನೆಲಮಹಡಿಯವರ ಆಕ್ಷೇಪಕ್ಕೆ ಗೌರವದ ಉತ್ತರ ಬೇಕು. ಮೂವತ್ತು ಮನೆಯ ಕಸವನ್ನು ನಮ್ಮೊಬ್ಬರ ಗೋಡೆಗೆ ಒರಗಿಸುವುದೇಕೆ, ಮನೆ ಮಾರುವಾಗ ಬೆಲೆ ಇಳಿದರೆ ಯಾರು ಕೊಡುತ್ತಾರೆ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ. ಬಹುಮತದಿಂದ ಅದನ್ನು ತಳ್ಳಿಹಾಕುವುದು ಸಲ್ಲದು. ಬ್ಲಾಕಿಗೊಂದು ಚಿಕ್ಕ ಕಟ್ಟೆ ಮಾಡಿದಾಗ ಹೊರೆ ಎಲ್ಲ ಬ್ಲಾಕುಗಳಿಗೂ ಹಂಚಿಹೋಗುತ್ತದೆ, ಒಂದೇ ಮನೆಯ ಪಕ್ಕದಲ್ಲಿ ಹತ್ತು ಡಬ್ಬಿ ನಿಲ್ಲುವ ಪ್ರಮೇಯವಿರುವುದಿಲ್ಲ. ಅಷ್ಟಾದರೂ ಹತ್ತಿರದ ಮನೆಯವರಿಗೆ ಒಂದು ಅಧಿಕಾರ ಕೊಡುವುದು ನ್ಯಾಯ: ಸತತವಾಗಿ ತೊಳೆಯದೆ ಬಿಟ್ಟರೆ ಜಾಗ ಬದಲಿಸುವಂತೆ ಅವರು ಕೇಳಬಹುದು, ಸಂಘ ಕೇಳಿಸಿಕೊಳ್ಳಲೇಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆದಿಡಲಿ. ವಾಸ್ತುವಿನ ಮಾತೂ ಬಂದೇ ಬರುತ್ತದೆ, ಈಶಾನ್ಯದಲ್ಲಿ ಕಸ ಬೇಡವೆಂದು. ಆ ನಂಬಿಕೆಯೊಂದಿಗೆ ಸಭೆಯಲ್ಲಿ ವಾದಕ್ಕಿಳಿಯುವುದರಲ್ಲಿ ಅರ್ಥವಿಲ್ಲ. ಮೊದಲು ಓಡಾಟದ ದಾರಿ ಗುರುತಿಸಿ, ಯೋಗ್ಯವಾದ ಎರಡು ಮೂರು ಜಾಗ ಆರಿಸಿಕೊಂಡರೆ ಅದರಲ್ಲಿ ಈಶಾನ್ಯ ಬಿಟ್ಟು ಇನ್ನೊಂದು ಸಿಗುತ್ತದೆ. ಎಲ್ಲ ಬ್ಲಾಕಿನ ಕಸವನ್ನೂ ತಮ್ಮ ಬ್ಲಾಕಿನಿಂದ ದೂರ ಓಡಿಸಲು ವಾಸ್ತುವನ್ನು ಮುಂದೆ ಮಾಡುವವರಿಗೆ ಮಾತ್ರ ಯಾವ ದಿಕ್ಕೂ ಒಗ್ಗುವುದಿಲ್ಲ.

ಮನೆ ಬಾಗಿಲಿಗೇ ಹೌಸ್‌ಕೀಪಿಂಗ್‌ನವರು ಬಂದು ಕಸ ಒಯ್ಯುವಾಗ ಸಾಮಾನ್ಯ ಡಬ್ಬಿಯೇ ಯಾಕೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಬಾಗಿಲ ಸಂಗ್ರಹ ಚೆನ್ನಾಗಿ ನಡೆಯುವಲ್ಲಿ ಅದನ್ನು ಬಿಡಬಾರದು. ಬೇರ್ಪಡಿಸದ ಕಸವನ್ನು ಬಾಗಿಲಲ್ಲೇ ನಿರಾಕರಿಸಬಹುದು ಎಂಬುದು ಅದರ ದೊಡ್ಡ ಲಾಭ. ಆದರೂ ಬೆಳಗ್ಗೆ ಐದೂವರೆಗೆ ಕೆಲಸಕ್ಕೆ ಹೊರಡುವವರು, ರಾತ್ರಿ ಪಾಳಿ ಮುಗಿಸಿ ಮಲಗಿದವರು, ಊರಿಗೆ ಹೋಗುವ ದಿನ ಫ್ರಿಜ್ ಖಾಲಿ ಮಾಡಿದವರು ಇರುತ್ತಾರೆ. ಅವರಿಗೊಂದು ಚಿಕ್ಕ ಜಾಗ ಇಲ್ಲದಿದ್ದರೆ ಚೀಲ ಬಾಗಿಲ ಹಿಡಿಗೆ ನೇತಾಡುತ್ತದೆ, ಬೆಕ್ಕು ಹರಿಯುತ್ತದೆ. ಅಂಥ ಸಮುಚ್ಚಯಗಳಲ್ಲಿ ಒಂದೇ ಕಟ್ಟೆ ಸಾಕು. ಸಿಬ್ಬಂದಿ ಇಳಿಯುವ ಸರ್ವಿಸ್ ಲಿಫ್ಟಿನಿಂದ ಗಾಡಿ ನಿಲ್ಲುವ ಜಾಗಕ್ಕೆ ಹೋಗುವ ದಾರಿಯಲ್ಲಿ ಅದು ಇರಬೇಕು. ಆಗ ನಿವಾಸಿಯ ನಡಿಗೆಗಿಂತ ಸಿಬ್ಬಂದಿಯ ನಡಿಗೆಗೆ ಹೆಚ್ಚು ತೂಕ ಕೊಡುವುದು ಸರಿ.

ಹಬ್ಬದ ದಿನಗಳಿಗೆ ಬೇರೆಯೇ ಏರ್ಪಾಡು ಬೇಕಾಗುತ್ತದೆ. ಆಯುಧಪೂಜೆಯ ಮರುದಿನ ಒಡೆದ ಬೂದುಗುಂಬಳ, ಬಾಳೆಕಂದು, ಯುಗಾದಿಯ ನಂತರ ಒಣಗಿದ ಮಾವಿನ ತೋರಣ, ಗಣೇಶ ಚೌತಿಯ ಹೂವು ಎಲೆ ಇವೆಲ್ಲ 120 ಲೀಟರಿನ ಡಬ್ಬಿಗೆ ಹಿಡಿಸುವ ಸರಕಲ್ಲ. ಹಿಂಭಾಗದಲ್ಲಿ ನೆರಳಿರುವ ಕಡೆ ತಾತ್ಕಾಲಿಕವಾಗಿ ಜಾಗ ಗೊತ್ತುಮಾಡಿ, ಹಬ್ಬಕ್ಕೆ ಮುಂಚೆಯೇ ತಿಳಿಸಿದರೆ ನಿತ್ಯದ ಡಬ್ಬಿಗಳು ಉಸಿರಾಡುತ್ತವೆ. ಎಳನೀರು ಬುರುಡೆಗೂ ಅದೇ ಜಾಗ ಆದೀತು. ಗೊಬ್ಬರ ಮಾಡುವ ಸಮುಚ್ಚಯಗಳಲ್ಲಿ ಹೂವು, ಎಲೆ, ಕತ್ತರಿಸಿದ ಬಾಳೆಕಂದು ನೇರವಾಗಿ ಗೊಬ್ಬರಕ್ಕೇ ಹೋಗಬಹುದು.

ಜಾಗ ಗೊತ್ತುಮಾಡುವ ಕ್ರಮ ಕಷ್ಟದ್ದೇನಲ್ಲ. ಬಿಲ್ಡರ್ ಕೊಟ್ಟ ನೆಲಮಹಡಿಯ ನಕ್ಷೆಯ ಝೆರಾಕ್ಸ್ ತೆಗೆದು, ಬೆಳಗ್ಗೆ ಆರರಿಂದ ಹತ್ತರವರೆಗೆ ಜನ ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆಂದು ಪೆನ್ನಿನಲ್ಲಿ ಗೆರೆ ಎಳೆಯಿರಿ. ಮನೆಗೆಲಸದವರ ದಾರಿಗೆ ಬೇರೆ ಬಣ್ಣ, ಕಸದ ಗಾಡಿಗೆ ಇನ್ನೊಂದು. ಮೂರೂ ಗೆರೆಗಳು ಹತ್ತಿರ ಬರುವ ಕಡೆ ಸಂಪು, ಇಂಗುಗುಂಡಿ, ಟ್ರಾನ್ಸ್‌ಫಾರ್ಮರ್, ಕಿಟಕಿ ತಪ್ಪಿಸಿ ಒಂದೆರಡು ಜಾಗಕ್ಕೆ ಗುರುತು ಹಾಕಿ. ಅಲ್ಲಿ ಗಾಲಿ ಡಬ್ಬಿಗಳನ್ನಿಟ್ಟು ಮೂರು ವಾರ ನೋಡಿ. ಹೊರಗೆ ಬಿದ್ದ ಚೀಲಗಳೆಷ್ಟು, ಹಸಿಯಲ್ಲಿ ಬೆರೆತ ಪ್ಲಾಸ್ಟಿಕ್ ಎಷ್ಟು ಎಂದು ಹೌಸ್‌ಕೀಪಿಂಗ್ ಮೇಲ್ವಿಚಾರಕರು ದಿನವೂ ಒಂದು ಪುಸ್ತಕದಲ್ಲಿ ಬರೆಯಲಿ. ಹೊರಗೆ ಬೀಳುವುದು ನಿಲ್ಲದಿದ್ದರೆ ಹತ್ತಡಿ ಆಚೀಚೆ ಸರಿಸಿ ಮತ್ತೆ ನೋಡಿ. ಆ ಪುಸ್ತಕ ಸಭೆಯ ಮುಂದೆ ಬರುವ ತನಕ ಕಟ್ಟೆ ಕಟ್ಟಲು ಸಿಮೆಂಟು ತರಿಸಬೇಡಿ.